ಸಾಕ್ಷಿ ಯಾರ ಮಗಳು?

ಫಹಾಹೀಲ್‌ನ ನಮ್ಮ ಮನೆಯಿಂದ ಕುವೈತ್ ನಗರದ ಕಡೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಅದಾನ್ ಆಸ್ಪತ್ರೆಗೆ ತಿರುಗುವ ದಾರಿ ಸಿಗುತ್ತದೆ. ಅಹ್ಮದಿ ಪ್ರಾಂತ್ಯದಲ್ಲಿರುವ ನಮಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಅದೇ. ಮಗ ಕೈ ಮುರಿದುಕೊಂಡಾಗ ಒಂದು ರಾತ್ರಿಯನ್ನು ಅಲ್ಲಿಯ ಬೆಂಚಿನ ಮೇಲೆ ಕಳೆದಿದ್ದೇನೆ. ಈ ಆಸ್ಪತ್ರೆಯ ಹೆಸರು ಒಂದು ಯುದ್ಧದ ಚರ್ಚೆಯೊಳಗೆ ಹೊಕ್ಕಿತ್ತು ಎಂದು ತಿಳಿದದ್ದು ಆಮೇಲೆ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಅಕ್ಟೋಬರ್ 10ರಂದು ವಾಷಿಂಗ್ಟನ್ನಿನಲ್ಲಿ, ಅಮೆರಿಕದ ಸಂಸದರ ಮಾನವ ಹಕ್ಕುಗಳ ಕೂಟದ ಮುಂದೆ ಹದಿನೈದು ವರ್ಷದ ಹುಡುಗಿಯೊಬ್ಬಳು ಅಳುತ್ತಾ ಮಾತಾಡಿದಳು. ತಾನು ಅದಾನ್ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿದ್ದೆ, ಇರಾಕಿ ಸೈನಿಕರು ಶಿಶುಗಳನ್ನು ಇನ್‌ಕ್ಯುಬೇಟರ್‌ಗಳಿಂದ ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟದ್ದನ್ನು ಕಂಡೆ ಎಂದಳು. ಅವಳ ಹೆಸರು ನಯೀರಾ ಎಂದಷ್ಟೇ ಹೇಳಲಾಯಿತು. ಕುವೈತಿನಲ್ಲಿರುವ ಬಂಧುಗಳಿಗೆ ಅಪಾಯವಾಗದಿರಲಿ ಎಂದು ಮನೆತನದ ಹೆಸರನ್ನು ಮುಚ್ಚಿಟ್ಟರಂತೆ. ಆ ಕೂಟ ಸಂಸತ್ತಿನ ಅಧಿಕೃತ ಸಮಿತಿಯಲ್ಲ, ಅಲ್ಲಿ ಪ್ರಮಾಣವಚನವಿಲ್ಲ. ಅದನ್ನು ಗಮನಿಸಿದವರು ಕಡಿಮೆ.

ಡಿಸೆಂಬರಿನ ಹೊತ್ತಿಗೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿಯಲ್ಲಿ ಸತ್ತ ಶಿಶುಗಳ ಸಂಖ್ಯೆ 312 ಎಂದಾಯಿತು. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, 300 ಎಂದಿದ್ದರೆ ಜನ ಅನುಮಾನಿಸುತ್ತಿದ್ದರು. 312 ಎಂದರೆ ಯಾರೋ ಕೂತು ಒಂದೊಂದಾಗಿ ಎಣಿಸಿದ ಹಾಗಿರುತ್ತದೆ. ಸುಳ್ಳು ಬಿಲ್ಲು ಮಾಡುವವರಿಗೂ ಈ ಗುಟ್ಟು ಗೊತ್ತು. ಅಧ್ಯಕ್ಷ ಬುಷ್ ಈ ಕಥೆಯನ್ನು ಮತ್ತೆ ಮತ್ತೆ ಹೇಳಿದರು. 1991ರ ಜನವರಿ 12ರಂದು ಅಮೆರಿಕದ ಸೆನೆಟ್ 52–47 ಮತಗಳಿಂದ ಯುದ್ಧಕ್ಕೆ ಒಪ್ಪಿತು. ಮೂವರು ಮನಸ್ಸು ಬದಲಿಸಿದ್ದರೆ ಫಲಿತಾಂಶ ಬೇರೆ.

ನಾನು ಬರೆಯಹೊರಟದ್ದು ಆನಂತರದ ಒಂದು ಲೇಖನದ ಬಗ್ಗೆ. ಆ ಮತದಾನಕ್ಕೆ ವರ್ಷ ತುಂಬಲು ಆರು ದಿನ ಇರುವಾಗ, 1992ರ ಜನವರಿ 6ರಂದು, ನ್ಯೂಯಾರ್ಕ್ ಟೈಮ್ಸ್‌ನ ಅಭಿಪ್ರಾಯ ಪುಟದಲ್ಲಿ ಹಾರ್ಪರ್ಸ್ ಪತ್ರಿಕೆಯ ಪ್ರಕಾಶಕ ಜಾನ್ ಮ್ಯಾಕ್‌ಆರ್ಥರ್ ಅದನ್ನು ಬರೆದರು. ಕುವೈತಿನ ಸಾಕ್ಷಿ ನಯೀರಾ ನೆನಪಿದ್ದಾಳೆಯೇ ಎಂದು ಕೇಳುವ ಪ್ರಶ್ನೆಯೇ ಶೀರ್ಷಿಕೆ. 'ನೀವು ಮೋಸಹೋದಿರಿ' ಎಂದಿದ್ದರೆ ಓದುಗ ಮುಖ ತಿರುಗಿಸುತ್ತಿದ್ದ. 'ನೆನಪಿದೆಯೇ' ಎಂದಾಗ ತಾನು ಅಂದು ಕಣ್ಣೀರು ಹಾಕಿದ್ದನ್ನು ತಾನೇ ಎದ್ದು ಹೇಳುತ್ತಾನೆ.

ಲೇಖನದ ಜೀವ ಒಂದೇ ಒಂದು ಸಂಗತಿಯಲ್ಲಿದೆ. ಆ ಹುಡುಗಿ ಅಮೆರಿಕದಲ್ಲಿ ಕುವೈತಿನ ರಾಯಭಾರಿಯಾಗಿದ್ದ ಸೌದ್ ನಾಸಿರ್ ಅಲ್ ಸಬಾಹ್ ಅವರ ಮಗಳು. ಅದರ ಸುತ್ತ ಲೇಖಕ ಹಣದ ದಾರಿ ಜೋಡಿಸುತ್ತಾರೆ. ಸಾಕ್ಷ್ಯವನ್ನು ಏರ್ಪಡಿಸಿದ ಪ್ರಚಾರ ಸಂಸ್ಥೆ ಹಿಲ್ ಅಂಡ್ ನೋಲ್ಟನ್. ಅದನ್ನು ನೇಮಿಸಿದ್ದು 'ಸಿಟಿಜನ್ಸ್ ಫಾರ್ ಎ ಫ್ರೀ ಕುವೈತ್'. ಹೆಸರು ನಾಗರಿಕರದ್ದು, 1 ಕೋಟಿ ಡಾಲರಿಗೂ ಮಿಕ್ಕಿದ ಹಣದ ಬಹುಪಾಲು ಕುವೈತ್ ಸರ್ಕಾರದ್ದು. ಆ ಕೂಟದ ಮುಖ್ಯಸ್ಥರಾಗಿದ್ದ ಸಂಸದರು ಟಾಮ್ ಲ್ಯಾಂಟೋಸ್ ಮತ್ತು ಜಾನ್ ಪೋರ್ಟರ್. ಇದೇ ಇಬ್ಬರು ನಡೆಸುತ್ತಿದ್ದ ಪ್ರತಿಷ್ಠಾನವೊಂದು ಅದೇ ಪ್ರಚಾರ ಸಂಸ್ಥೆಯ ಕಟ್ಟಡದಲ್ಲಿ ಕಡಿಮೆ ಬಾಡಿಗೆಗೆ ಕೂತಿತ್ತು. ಲೇಖಕರು ಹುಡುಗಿಯನ್ನು ಬೈಯುವ ಗೋಜಿಗೆ ಹೆಚ್ಚು ಹೋಗುವುದಿಲ್ಲ. ಪ್ರಶ್ನೆಗಳು ನೆಟ್ಟಗೆ ಹೋಗುವುದು ದೊಡ್ಡವರ ಕಡೆಗೆ, ಅದರಲ್ಲೂ ಗೊತ್ತಿದ್ದೂ ಹೇಳದವರ ಕಡೆಗೆ.

ನನ್ನ ಕಸುಬಿನವರಿಗೆ ಇದು ಪರಿಚಿತ ದಾರಿ. ಕಂಪನಿಯ ಮಾಲೀಕ ತನ್ನ ಭಾವನ ಅಂಗಡಿಯಿಂದ ಮಾಲು ಕೊಂಡರೆ ತಪ್ಪಲ್ಲ, ಆದರೆ ಭಾವನ ಅಂಗಡಿ ಎಂದು ಬರೆಯಬೇಕು. ಆಡಿಟ್ ಭಾಷೆಯಲ್ಲಿ ಇದು ರಿಲೇಟೆಡ್ ಪಾರ್ಟಿ. ತಾಳಮದ್ದಳೆ ಕೇಳಿ ಬೆಳೆದ ಕರಾವಳಿಯವರಿಗೆ ಇನ್ನೊಂದು ರೀತಿಯಲ್ಲಿ ಹೇಳಬಹುದು. ಕೃಷ್ಣ ಸಂಧಾನಕ್ಕೆ ಬಂದು ಎಷ್ಟು ಸೊಗಸಾಗಿ ವಾದಿಸಿದರೂ ಅವನು ಪಾಂಡವರ ಕಡೆಯವನೆಂದು ಸಭೆಗೆ ಗೊತ್ತಿರುತ್ತದೆ. ಆ ಅಕ್ಟೋಬರಿನ ಸಭೆಗೆ ಅದು ಗೊತ್ತಿರಲಿಲ್ಲ.

ಇಲ್ಲಿಯವರೆಗೆ ನಾನು ಮ್ಯಾಕ್‌ಆರ್ಥರ್ ಪಕ್ಷ. ಮುಂದೆ ನನಗೊಂದು ತಕರಾರಿದೆ. ಸಂಬಂಧ ಮುಚ್ಚಿಟ್ಟರೆ ಬಿಲ್ಲು ಸುಳ್ಳೆಂದು ಸಾಬೀತಾಗುವುದಿಲ್ಲ, ಅನುಮಾನ ಹುಟ್ಟುತ್ತದೆ ಅಷ್ಟೇ. ರಾಯಭಾರಿಯ ಮಗಳೂ ಕಂಡದ್ದನ್ನು ಹೇಳಬಹುದು. ಲೇಖನದ ಬಿಸಿಯಲ್ಲಿ ಓದುಗ ಈ ಅಂತರವನ್ನು ತಿಳಿಯದೆ ದಾಟಿಬಿಡುತ್ತಾನೆ. ಕಥೆ ನಿಲ್ಲದ್ದು ಬೇರೆ ಕೆಲಸದಿಂದ. ಬಿಡುಗಡೆಯಾದ ಮೇಲೆ ಪತ್ರಕರ್ತರು, ಮಾನವ ಹಕ್ಕು ಸಂಘಟನೆಗಳವರು ಆಸ್ಪತ್ರೆಗಳಿಗೆ ಹೋಗಿ ವೈದ್ಯರನ್ನು ಕೇಳಿದರು. ಆಮ್ನೆಸ್ಟಿ 1991ರ ಏಪ್ರಿಲ್‌ನಲ್ಲೇ ತನ್ನ ಮಾತು ಹಿಂತೆಗೆದುಕೊಂಡಿತ್ತು. ಲೇಖನದ ನಂತರ ಕುವೈತ್ ಸರ್ಕಾರವೇ ಕ್ರೋಲ್ ಎಂಬ ತನಿಖಾ ಸಂಸ್ಥೆಯನ್ನು ನೇಮಿಸಿತು. ತಾನು ಸ್ವಯಂಸೇವಕಿಯಾಗಿರಲಿಲ್ಲ, ಆಸ್ಪತ್ರೆಯಲ್ಲಿದ್ದದ್ದು ಕೆಲವು ನಿಮಿಷ, ಇನ್‌ಕ್ಯುಬೇಟರಿನ ಹೊರಗೆ ಕಂಡದ್ದು ಒಂದು ಮಗು, ಅದೂ ಕ್ಷಣಮಾತ್ರ ಎಂದು ಆ ಹುಡುಗಿ ಅವರಿಗೆ ಹೇಳಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ನಮ್ಮ ಗಾದೆ, ಸಾಕ್ಷಿಗೂ ಸಾಕ್ಷಿಯನ್ನು ಬಯಲಿಗೆಳೆದವರಿಗೂ ಒಂದೇ.

ಇದೆಲ್ಲ ಕೆದಕಲು ಕಾರಣ ನಮ್ಮ ಕಚೇರಿಯ ಒಬ್ಬ ಹುಡುಗ. ಊಟದ ಹೊತ್ತಿಗೆ ಅವನು, 'ಸಾರ್, ಆ ಗಲಾಟೆಯೆಲ್ಲ ಬರೀ ಸುಳ್ಳಂತೆ' ಎಂದ. ಎಲ್ಲವೂ? ಆಸ್ಪತ್ರೆಯಿಂದ ತೀರ ದೂರವಲ್ಲದ ಕುರೈನ್‌ನಲ್ಲಿ ಒಂದು ಮನೆಯಿದೆ. 1991ರ ಫೆಬ್ರವರಿ 24ರಂದು ಅಲ್ಲಿ ಹೋರಾಡಿದ ಕುವೈತಿ ಯುವಕರ ತಂಡದಲ್ಲಿ ಹನ್ನೆರಡು ಮಂದಿ ಸತ್ತರು. ಒಡೆದ ಗೋಡೆಗಳನ್ನು ಹಾಗೇ ಇಟ್ಟು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಯುದ್ಧ ಮುಗಿದಾಗ 600ಕ್ಕೂ ಹೆಚ್ಚು ಜನರ ಪತ್ತೆ ಇರಲಿಲ್ಲ. ನಮ್ಮ ಪಕ್ಕದ ಬುರ್ಗಾನ್ ತೈಲಬಾವಿಗಳು ತಿಂಗಳುಗಟ್ಟಲೆ ಉರಿದವು. ಒಂದು ಸುಳ್ಳು ವೋಚರ್ ಸಿಕ್ಕ ಕೂಡಲೇ ಇಡೀ ಖಾತೆಯನ್ನೇ ಹರಿದೆಸೆಯುವುದೂ ಆಡಿಟ್ ಅಲ್ಲ. ಹಾಗೆ ಹರಿಯುವ ಅವಕಾಶ ಕೊಟ್ಟದ್ದು ಮಾತ್ರ ಆ ಸುಳ್ಳು ವೋಚರ್ ಬರೆದವರೇ.

ನಮ್ಮ ಮೇಲಿನ ಮಹಡಿಯಲ್ಲಿ ಕಾರ್ಕಳದ ಕಡೆಯ ಒಬ್ಬ ಅಕ್ಕ ಇದ್ದಾರೆ. ಇನ್ನೇನು ನಿವೃತ್ತಿಯಾಗುವ ನರ್ಸ್. ಆಕ್ರಮಣದ ಹೊತ್ತಿಗೆ ಅವರು ಬೇರೊಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಇರಾಕ್ ದಾಟಿ, ಜೋರ್ಡಾನಿನ ಡೇರೆಗಳಲ್ಲಿ ಮಲಗಿ, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿದ ಲಕ್ಷಕ್ಕೂ ಮಿಕ್ಕಿದ ಭಾರತೀಯರಲ್ಲಿ ಒಬ್ಬರು. ಒಂದು ಶುಕ್ರವಾರ ಸಂಜೆ ಆ ಲೇಖನದ ಸಾರವನ್ನು ಅವರಿಗೆ ಹೇಳಿದೆ. ಯುದ್ಧದ ನಂತರ ಕುವೈತಿ ವೈದ್ಯರು ಪತ್ರಕರ್ತರಿಗೆ ಹೇಳಿದ್ದನ್ನೂ ಸೇರಿಸಿದೆ. ಶಿಶುಗಳು ಸತ್ತದ್ದು ನಿಜ, ಆದರೆ ಸೈನಿಕರು ಎತ್ತಿ ಹಾಕಿದ್ದರಿಂದಲ್ಲ, ನೋಡಿಕೊಳ್ಳುವ ನರ್ಸುಗಳು, ವೈದ್ಯರು ದೇಶ ಬಿಟ್ಟು ಹೋದದ್ದರಿಂದ ಎಂದು.

ಅವರು ತುಂಬ ಹೊತ್ತು ಮಾತಾಡಲಿಲ್ಲ. ಚಹಾದ ಲೋಟ ಕೈಯಲ್ಲೇ ಇತ್ತು.

'ಆ ಹುಡುಗಿ ಹೇಳಿದ್ದೇ ನಿಜ ಆಗಿದ್ದರೆ ನನಗೆ ಒಳ್ಳೇದಿತ್ತು ಮಾರಾಯ್ರೇ' ಎಂದರು. 'ನಮ್ಮ ವಾರ್ಡಿನಲ್ಲಿ ನಾಲ್ಕು ಮಕ್ಕಳಿದ್ದವು. ನಾನು ಹೊರಟದ್ದು ರಾತ್ರಿ ಡ್ಯೂಟಿ ಮುಗಿಸಿ.'