ಬರೀ ಎರಡು ಸೀಟು

ಕಪ್ಪು ಜನರ ಪಕ್ಷ ಅಂದ್ರೆ ಡೆಮಾಕ್ರಟಿಕ್ ಅಂತ ನಾವೆಲ್ಲ ಸಲೀಸಾಗಿ ಹೇಳಿಬಿಡ್ತೀವಿ. 1964ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಮಿಸಿಸಿಪ್ಪಿಯಿಂದ ಆ ಪಕ್ಷದ ಅಧಿಕೃತ ನಿಯೋಗ ಬಂದಾಗ ಅದರಲ್ಲಿದ್ದವರು ಬರೀ ಬಿಳಿಯರು. ಎದುರಿಗೆ ಕುರ್ಚಿ ಕೇಳಿದ್ದು ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ. ಅದರ ಫ್ಯಾನಿ ಲೂ ಹೇಮರ್ ಹತ್ತಿ ಹೊಲದಲ್ಲಿ ದುಡಿದಾಕೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಿ ಕೆಲಸ ಕಳಕೊಂಡದ್ದು, ಜೈಲಲ್ಲಿ ಹೊಡೆತ ತಿಂದದ್ದು ಎಲ್ಲ ಹೇಳತೊಡಗಿದರೆ, ಅಧ್ಯಕ್ಷ ಜಾನ್ಸನ್ ದಿಢೀರನೆ ಪತ್ರಕರ್ತರನ್ನು ಕರೆದರು, ಕ್ಯಾಮೆರಾ ತಮ್ಮ ಕಡೆ ತಿರುಗಲಿ ಅಂತ! ಆದರೆ ರಾತ್ರಿ ಟಿವಿಯಲ್ಲಿ ಆಕೆಯ ಮಾತೇ ಬಂತು.

ಕೊನೆಗೆ ಕೊಡ್ತೀವಿ ಅಂದದ್ದು ಎರಡು ಸೀಟು. ಅವರು ಒಪ್ಪಲಿಲ್ಲ.

ದಕ್ಷಿಣದ ಬಿಳಿಯರು ಕೈತಪ್ಪದಿರಲಿ ಅಂತ ಇಷ್ಟೆಲ್ಲ ಸರ್ಕಸ್ಸು. ನವೆಂಬರಿನಲ್ಲಿ ಮಿಸಿಸಿಪ್ಪಿಯ 87% ಮತ ಬಿದ್ದದ್ದು ನಾಗರಿಕ ಹಕ್ಕು ಕಾಯ್ದೆಯನ್ನು ವಿರೋಧಿಸಿದ್ದ ರಿಪಬ್ಲಿಕನ್ ಗೋಲ್ಡ್‌ವಾಟರ್‌ಗೆ. (ಸೆನೆಟ್‌ನಲ್ಲಿ ಅವರದೇ ಪಕ್ಷದ 27 ಮಂದಿ ಅದರ ಪರ, 6 ಮಂದಿಯಷ್ಟೇ ವಿರುದ್ಧ!)

1968ರ ಶಿಕಾಗೋ ಸಮಾವೇಶದಲ್ಲಿ ಹೇಮರ್ ಪ್ರತಿನಿಧಿಯಾಗಿಯೇ ಕೂತರು.