ಲ್ಯಾಪ್‌ಟಾಪ್ ಡಿಸ್ಕ್ ಬದಲಾವಣೆ: ಹಳೆಯದನ್ನು ಕಳಚುವ ಮುನ್ನ

ಹಳೆಯ ಲ್ಯಾಪ್‌ಟಾಪಿನ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅಳವಡಿಸಿದರೆ ಯಂತ್ರದ ವೇಗ ಗಣನೀಯವಾಗಿ ಹೆಚ್ಚುತ್ತದೆ. ತಿರುಪು ಬಿಚ್ಚಿ ಡಿಸ್ಕ್ ಜೋಡಿಸಲು ಹೆಚ್ಚು ಹೊತ್ತು ಬೇಕಿಲ್ಲ. ಅದರೊಳಗಿನ ಇಡೀ ವ್ಯವಸ್ಥೆಯನ್ನು ಸಾಗಿಸಲು ಅರ್ಧ ದಿನವೇ ಬೇಕಾದೀತು.

ಇದಕ್ಕೆ ಎರಡು ಮಾರ್ಗಗಳಿವೆ. ಹಳೆಯ ಡಿಸ್ಕಿನಿಂದ ಹೊಸದಕ್ಕೆ ನೇರ ನಕಲು ಮಾಡುವುದು ಕ್ಲೋನಿಂಗ್. ವ್ಯವಸ್ಥೆಯನ್ನೆಲ್ಲ ಒಂದು ಕಡತವಾಗಿಸಿ ಮೂರನೆಯ ಡಿಸ್ಕಿನಲ್ಲಿರಿಸಿ, ಅಲ್ಲಿಂದ ಮರಳಿ ಸ್ಥಾಪಿಸುವುದು ಇಮೇಜ್ ವಿಧಾನ. ಕ್ಲೋನಿಂಗ್ ಶೀಘ್ರವಾದರೂ, ಆಕರ ಯಾವುದು, ಗುರಿ ಯಾವುದು ಎಂಬುದು ತಪ್ಪಿದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆಯಲ್ಪಡುತ್ತದೆ. ಇಮೇಜ್ ಮೊದಲೇ ಇದ್ದಲ್ಲಿ ಆ ಪ್ರಮಾದಕ್ಕೂ ಪರಿಹಾರವುಂಟು. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಎರಡನ್ನೂ ಮಾಡುತ್ತದೆ. ಆದರೆ ಗುರಿ ಡಿಸ್ಕ್ ಮೂಲದಷ್ಟಾದರೂ ದೊಡ್ಡದಿರಬೇಕು.

ಸಿ ಡ್ರೈವ್ ಒಂದನ್ನೇ ನಕಲಿಸಿದರೆ ಯಂತ್ರ ಚಾಲೂ ಆಗದು. ಚಾಲನೆಗೆ ಬೇಕಾದ ಇಎಫ್‌ಐ ವಿಭಾಗವೂ ಜೊತೆಗೆ ಬರಬೇಕು. ಬಿಟ್‌ಲಾಕರ್ ಇದ್ದಲ್ಲಿ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದುಕೊಂಡು, ಗೂಢಲಿಪೀಕರಣವನ್ನು ತೆರವುಗೊಳಿಸಿಯೇ ಮುಂದುವರಿಯುವುದು ಕ್ಷೇಮ. ತಾವು ಅದನ್ನು ಹಾಕಿಯೇ ಇಲ್ಲವೆಂದು ಅನೇಕರು ನಂಬಿರುತ್ತಾರೆ; ವಿಂಡೋಸ್ 11ರ ಹಲವು ಯಂತ್ರಗಳಲ್ಲಿ ಅದು ತಾನಾಗಿಯೇ ಆರಂಭಗೊಂಡಿರುತ್ತದೆ.

ಹೊಸದಾಗಿ ವಿಂಡೋಸ್ ಸ್ಥಾಪಿಸಿ ಕಡತಗಳನ್ನಷ್ಟೇ ತಂದುಕೊಳ್ಳಬಾರದೇಕೆ? ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ತೊಡಕಿದೆ. ನುಡಿ, ಬರಹಗಳ ಹಳೆಯ ಯುನಿಕೋಡೇತರ ಫಾಂಟುಗಳಲ್ಲಿ ಸಿದ್ಧಪಡಿಸಿದ ಪತ್ರ, ಕರಾರು, ಲಗ್ನಪತ್ರಿಕೆಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥಹೀನ ರೋಮನ್ ಅಕ್ಷರಗಳಾಗಿ ತೋರುತ್ತವೆ. ಡಿಟಿಪಿ ಅಂಗಡಿಗಳ ಹತ್ತಾರು ವರ್ಷಗಳ ಕೆಲಸ ಇಂಥದ್ದೇ. ವ್ಯವಸ್ಥೆಯನ್ನು ಇಡಿಯಾಗಿ ಸಾಗಿಸಿದರೆ ಫಾಂಟೂ ಜೊತೆಗೇ ಬರುತ್ತದೆ.

ಪ್ರತಿಯನ್ನು ಎಲ್ಲಿ ಇರಿಸಬೇಕೆಂಬುದು ಈ ಭಾಗದಲ್ಲಿ ಗಂಭೀರ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದ ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಮೂಡಲಗಿ ತಾಲ್ಲೂಕಿನ ನದಿತೀರದ ಹಳ್ಳಿಗಳೂ, ಹುಕ್ಕೇರಿ ತಾಲ್ಲೂಕಿನಲ್ಲಿ ಹಿರಣ್ಯಕೇಶಿಯ ದಡದ ಸಂಕೇಶ್ವರವೂ ಅದೇ ನೆರೆಯನ್ನು ಕಂಡವು. ಲ್ಯಾಪ್‌ಟಾಪ್ ಮೇಜಿನ ಮೇಲೆ, ಅದರ ಇಮೇಜ್ ಅದೇ ಮೇಜಿನ ಖಾನೆಯಲ್ಲಿ ಇದ್ದರೆ ನೀರಿಗೆ ಎರಡೂ ಒಂದೇ. ಒಂದು ಪ್ರತಿ ನದಿಯಿಂದ ದೂರದ, ಎತ್ತರದ ಊರಿನ ಬಂಧುಗಳ ಮನೆಯಲ್ಲಿರಲಿ. ಅಂತರ್ಜಾಲದ ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳು ಕಡತಗಳನ್ನು ಉಳಿಸುತ್ತವೆಯೇ ಹೊರತು ಚಾಲನೆಗೆ ಸಿದ್ಧವಾದ ವ್ಯವಸ್ಥೆಯನ್ನಲ್ಲ.

ನಕಲಿಗೆ ಕೂರುವ ಮುನ್ನ ಬ್ಯಾಟರಿ ಪೂರ್ಣ ತುಂಬಿರಬೇಕು, ಚಾರ್ಜರ್ ಹಚ್ಚಿರಬೇಕು. ಯುಎಸ್‌ಬಿ ಮೂಲಕ ಜೋಡಿಸಿದ ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಬೇಕಿದ್ದರೆ ಅದನ್ನು ಯುಪಿಎಸ್‌ಗೆ ಸೇರಿಸುವುದು ಒಳಿತು. ಹಳೆಯ ಡಿಸ್ಕ್ ಕರ್ಕಶ ಸದ್ದು ಮಾಡುತ್ತಿದ್ದರೆ ಇಮೇಜಿನ ಗೊಡವೆ ಆಮೇಲೆ. ಮೊದಲು ಲೆಕ್ಕಪತ್ರ, ಭಾವಚಿತ್ರಗಳನ್ನು ಬೇರೆಡೆ ಇಳಿಸಿಕೊಳ್ಳಬೇಕು. ಇಮೇಜ್ ಮರಳಿಸಲು ಬೇಕಾದ ಪೆನ್‌ಡ್ರೈವ್‌ನಿಂದ ಯಂತ್ರ ನಿಜಕ್ಕೂ ಚಾಲೂ ಆಗುವುದೇ ಎಂಬುದನ್ನು ಹಳೆಯ ಡಿಸ್ಕ್ ಕಳಚುವ ಮೊದಲೇ ಪರೀಕ್ಷಿಸಬೇಕು. ಬಹುಮಂದಿ ಬಿಡುವ ಹೆಜ್ಜೆ ಇದೇ.

ಹೊಸ ಡಿಸ್ಕಿನಿಂದ ಮೊದಲ ಸಲ ಚಾಲನೆ ಮಾಡುವಾಗ ಹಳೆಯದು ಜೋಡಣೆಯಲ್ಲಿರಬಾರದು. ಒಂದೇ ಗುರುತಿನ ಎರಡು ಡಿಸ್ಕುಗಳು ವಿಂಡೋಸ್‌ಗೆ ಗೊಂದಲ ಉಂಟುಮಾಡುತ್ತವೆ. ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿಗೆ ಹೊಂದಿಕೊಂಡಿರುವುದರಿಂದ, ಡಿಸ್ಕ್ ಬದಲಾದ ಮಾತ್ರಕ್ಕೆ ಮತ್ತೆ ಖರೀದಿಸಬೇಕಾಗಿಲ್ಲ. ಬಳಿಕ ಟ್ಯಾಲಿ, ನುಡಿ, ಮುದ್ರಕ, ಡಿಜಿಟಲ್ ಸಹಿಯ ಟೋಕನ್ ಒಂದೊಂದನ್ನೂ ತೆರೆದು ನೋಡತಕ್ಕದ್ದು. ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಅಳಿಸದೆ ಇಟ್ಟು, ಮಾರುವುದಾದರೆ ಕ್ವಿಕ್ ಫಾರ್ಮ್ಯಾಟ್ ಬಿಟ್ಟು ಪೂರ್ಣ ಫಾರ್ಮ್ಯಾಟ್ ಮಾಡಿಯೇ ಕೊಡಬೇಕು.