ಒದ್ದೆ ಗೆರೆಯ ಚರಿತ್ರೆ

ಘಟ್ಟದ ಮೇಲಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುವವರಿಗೆ ಎಂಜಿನ್‌ಗಿಂತ ಮೊದಲ ಪಾಠ ಬ್ರೇಕು. ಮೂಡಿಗೆರೆ ಕಡೆಯ ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳೆಲ್ಲ ಒಂದೋ ಚಾರ್ಮಾಡಿ ಇಳಿಯುವವು, ಇಲ್ಲವೇ ಕಾಫಿ ತೋಟದ ಕೆಸರು ದಾರಿಯಲ್ಲಿ ದುಡಿಯುವವು. ಟೈರಿನ ಒಳಬದಿಯಲ್ಲಿ ಬ್ರೇಕ್ ಆಯಿಲ್ ಸೋರಿದ ಒದ್ದೆ ಗೆರೆ ಕಂಡರೆ ಉಳಿದ ಕೆಲಸ ಬಿಟ್ಟು ಮೊದಲು ಅದನ್ನು ನೋಡಬೇಕು ಎಂದು ನನ್ನ ಉಸ್ತಾದರು ಕಲಿಸಿದ್ದರು. ಆ ಗೆರೆಯ ಹಿಂದೆ ನೂರು ವರ್ಷದ ಚರಿತ್ರೆ ಇದೆ. ಮೋಟಾರು ಗಾಡಿಯ ಬ್ರೇಕು ಇವತ್ತಿನ ರೂಪಕ್ಕೆ ಬಂದದ್ದು ಬಹುಪಾಲು ಸೋರಿಕೆಯ ಜೊತೆ ಗುದ್ದಾಡಿಯೇ.

ಮೊದಲಿನ ಕಾರುಗಳಲ್ಲಿ ಸೋರುವುದಕ್ಕೆ ಏನೂ ಇರಲಿಲ್ಲ. ಪೆಡಲಿನಿಂದ ಚಕ್ರದವರೆಗೆ ಕಬ್ಬಿಣದ ಸಲಾಕೆ, ಇಲ್ಲವೇ ಕೇಬಲ್ ಇರುತ್ತಿತ್ತು. ಆದರೆ ಎಲ್ಲ ಸಲಾಕೆಗಳೂ ಒಂದೇ ಸಮ ಎಳೆಯಬೇಕಲ್ಲ! ಒಂದು ಸ್ವಲ್ಪ ಸಡಿಲವಾದರೂ ಗಾಡಿ ಒಂದು ಬದಿಗೆ ವಾಲುತ್ತಿತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲೇ ಫ್ರಾನ್ಸಿನ ಪ್ಯಾಸ್ಕಲ್ ತೋರಿಸಿದ್ದ. ಅದನ್ನು ಕಾರಿನ ಚಕ್ರಕ್ಕೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ವಿಮಾನದಿಂದ ಹೆಸರಾದ ಲಾಕ್‌ಹೀಡ್ ಸೋದರರಲ್ಲಿ ಇವನೂ ಒಬ್ಬ.

1921ರ ಜುಲೈನಲ್ಲಿ ಲ ಮಾನ್ ಊರಿನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿ ಪಂದ್ಯವನ್ನು ಜಿಮ್ಮಿ ಮರ್ಫಿ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಗೆದ್ದ. ಆ ಕಾರಿನ ನಾಲ್ಕೂ ಚಕ್ರಕ್ಕೆ ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಇತ್ತು. ಡ್ಯೂಸೆನ್‌ಬರ್ಗ್ ಆಗ ಕೊಳವೆಗಳಲ್ಲಿ ತುಂಬಿಸುತ್ತಿದ್ದುದು ನೀರು ಮತ್ತು ಗ್ಲಿಸರಿನ್ ಬೆರಕೆ. ಅದೇ ಕಾಲಕ್ಕೆ ಇಂಥ ಬ್ರೇಕಿನ ಅವರ ಮಾಡೆಲ್ ಎ ಕಾರು ಮಾರಾಟಕ್ಕೂ ಬಂತು. ಲಾಕ್‌ಹೀಡನ ಏರ್ಪಾಟನ್ನು ಕಾಡಿದ ದೊಡ್ಡ ಪೀಡೆ ಎಂದರೆ ಸೋರಿಕೆ. ಸಿಲಿಂಡರಿನೊಳಗೆ ದ್ರವವನ್ನು ತಡೆದು ನಿಲ್ಲಿಸುವ ಸೀಲುಗಳು ಚರ್ಮದವು. ಚರ್ಮ ಒಣಗಿ ಕುಗ್ಗುತ್ತಿತ್ತು, ದ್ರವ ಪಕ್ಕದಿಂದ ನುಸುಳುತ್ತಿತ್ತು. ಕ್ರೈಸ್ಲರ್ ಎಂಜಿನಿಯರುಗಳು ಚರ್ಮ ತೆಗೆದು ರಬ್ಬರ್ ಕಪ್ಪು ಹಾಕಿ, 1924ರ ತಮ್ಮ ಮೊದಲ ಕಾರಿನ ನಾಲ್ಕೂ ಚಕ್ರಗಳಿಗೆ ಈ ಬ್ರೇಕ್ ಕೊಟ್ಟರು. ಹೈಡ್ರಾಲಿಕ್ ಬ್ರೇಕು ಸಾಮಾನ್ಯರ ಕಾರಿಗೆ ಕಾಲಿಟ್ಟದ್ದು ಆ ರಬ್ಬರ್ ಕಪ್ಪಿನ ಬಲದಿಂದ. ಫೋರ್ಡ್ ಕಂಪನಿಯಂತೂ 1939ರ ಮಾಡೆಲ್ ಬರುವವರೆಗೆ ಸಲಾಕೆ–ಕೇಬಲ್‌ಗಳನ್ನೇ ನಂಬಿಕೊಂಡಿತ್ತು.

ಆ ರಬ್ಬರ್ ಕಪ್ಪನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಬೇಕು. ವೀಲ್ ಸಿಲಿಂಡರಿನ ಕಪ್ಪು ಒಂದು ರೂಪಾಯಿ ನಾಣ್ಯದಷ್ಟು ಅಗಲ, ಅಂಚು ತುಟಿಯಂತೆ ತೆಳ್ಳಗೆ. ಪೆಡಲ್ ಒತ್ತಿದಾಗ ಬರುವ ಒತ್ತಡವೇ ಆ ತುಟಿಯನ್ನು ಅಗಲಿಸಿ ಸಿಲಿಂಡರಿನ ಗೋಡೆಗೆ ಅಂಟಿಸುತ್ತದೆ. ಹೆಚ್ಚು ಒತ್ತಿದಷ್ಟೂ ಹೆಚ್ಚು ಬಿಗಿ. ಎಷ್ಟು ಸರಳ, ಎಷ್ಟು ಚೆಂದ! ಆದರೆ ಗೋಡೆಯಲ್ಲಿ ತುಕ್ಕಿನ ಒಂದು ಚುಕ್ಕೆ ಇದ್ದರೂ ತುಟಿ ಹರಿಯುತ್ತದೆ, ಅಲ್ಲಿಂದ ಸೋರಿಕೆ ಶುರು.

ರಬ್ಬರ್ ಬಂದ ಮೇಲೆ ಅದಕ್ಕೆ ಒಗ್ಗುವ ದ್ರವ ಬೇಕಾಯಿತು. ಎಂಜಿನ್ ಆಯಿಲ್‌ನಂಥ ಖನಿಜ ತೈಲ ತಾಗಿದರೆ ಸಹಜ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಆ ಕಾಲದಲ್ಲಿ ಹೆಚ್ಚು ಬಳಕೆಗೆ ಬಂದದ್ದು ಹರಳೆಣ್ಣೆ. ನಮ್ಮಲ್ಲಿ ನೆತ್ತಿಗೆ ತಟ್ಟುವ ಅದೇ ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿ ಜಗತ್ತಿನ ಎಷ್ಟೋ ಕಾರುಗಳ ಬ್ರೇಕಿಗೆ ತುಂಬಿಸಿದರು. ಅದು ರಬ್ಬರನ್ನು ತಿನ್ನುತ್ತಿರಲಿಲ್ಲ, ಒಳಗಿನ ಭಾಗಗಳಿಗೆ ಜಾರುವಿಕೆಯನ್ನೂ ಕೊಡುತ್ತಿತ್ತು. ಆದರೆ ಚಳಿಗೆ ಗಟ್ಟಿಯಾಗುತ್ತಿತ್ತು. ಎಥೈಲ್ ಆಲ್ಕೊಹಾಲ್ 78 ಡಿಗ್ರಿಗೇ ಕುದಿಯುವಂಥದ್ದು, ಬ್ಯೂಟೈಲ್ ಆಲ್ಕೊಹಾಲ್ ಸುಮಾರು 118ಕ್ಕೆ. ಉದ್ದದ ಇಳಿಜಾರಿನಲ್ಲಿ ಚಕ್ರದ ಬ್ರೇಕ್ ಡ್ರಮ್ಮು ಕಾಯುವ ಶಾಖಕ್ಕೆ ಇದು ಸಾಲದು. ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಹಲಗೆಗೆ ಬಡಿಯುತ್ತದೆ. ಹೀಗಾಗಿ ಎಣ್ಣೆ ಬಿಟ್ಟು ಗ್ಲೈಕಾಲ್ ಜಾತಿಯ ದ್ರವಕ್ಕೆ ಹೋದರು. ಇವತ್ತು ಡಬ್ಬಿಯ ಮೇಲೆ ಕಾಣುವ ಡಾಟ್ 3, ಡಾಟ್ 4 ಆ ವಂಶದವು.

ನಮ್ಮ ಮಲೆನಾಡಿಗೆ ಈ ಚರಿತ್ರೆಯ ಕೊಂಡಿ ಜೀಪು. ಎರಡನೇ ಮಹಾಯುದ್ಧಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿಗೆ ಹೈಡ್ರಾಲಿಕ್ ಬ್ರೇಕ್ ಇತ್ತು. 1940ರ ದಶಕದ ಕೊನೆಗೆ ಮಹೀಂದ್ರದವರು ಆ ಜೀಪನ್ನು ಇಲ್ಲೇ ಜೋಡಿಸತೊಡಗಿದರು. ತೋಟದ ದಾರಿಗಳಿಗೆ ಅದಕ್ಕಿಂತ ಒಳ್ಳೆಯ ಗಾಡಿ ಇರಲಿಲ್ಲ. ಆದರೆ ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯ ಜೀಪಿನಲ್ಲಿ ಇದ್ದುದು ಡ್ರೈವರನ ಕಾಲಡಿ, ಹಲಗೆಯ ಕೆಳಗೆ, ಕೆಸರು ಸಿಡಿಯುವ ಜಾಗದಲ್ಲಿ. ಆಯಿಲ್ ಎಷ್ಟಿದೆ ಎಂದು ನೋಡಬೇಕಾದರೆ ಕಾಲಿಡುವ ಜಾಗದ ಮುಚ್ಚಳ ತೆಗೆದು ಬಗ್ಗಬೇಕು. ಕಣ್ಣಿಗೆ ಬೀಳದ್ದನ್ನು ಯಾರು ನೋಡುತ್ತಾರೆ? ಜೊತೆಗೆ ನಾಲ್ಕು ಚಕ್ರಕ್ಕೂ ಒಂದೇ ಕೋಣೆ, ಒಂದೇ ದಾರಿ. ಒಂದು ಚಕ್ರದ ಕಪ್ಪು ಹರಿದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತಿತ್ತು. ಉಳಿಯುತ್ತಿದ್ದುದು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಹ್ಯಾಂಡ್‌ಬ್ರೇಕ್ ಮತ್ತು ಗೇರು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ನಮ್ಮ ಘಟ್ಟದ ಡ್ರೈವರುಗಳ ಕಟ್ಟುಪಾಡು ಆ ಕಾಲದಲ್ಲಿ ಜೀವ ಉಳಿಸುವ ನಿಯಮವಾಗಿತ್ತು.

ಈ ಕಥೆಯಲ್ಲಿ ನನಗೆ ಅತಿ ದೊಡ್ಡ ತಿರುವು ಎನಿಸುವುದು 1960ರ ದಶಕದ್ದು. ಅಲ್ಲಿಯವರೆಗೆ ಸೋರದಂತೆ ಮಾಡುವುದೇ ಗುರಿಯಾಗಿತ್ತು. ಆಮೇಲೆ ಎಂಜಿನಿಯರುಗಳು ಒಂದು ದಿನ ಸೋರಿಯೇ ಸೋರುತ್ತದೆ ಎಂದು ಒಪ್ಪಿಕೊಂಡು ಬ್ರೇಕ್ ಕಟ್ಟಿದರು. ಮಾಸ್ಟರ್ ಸಿಲಿಂಡರಿನಲ್ಲಿ ಒಂದರ ಮುಂದೆ ಒಂದು ಎರಡು ಕೋಣೆ, ಚಕ್ರಗಳಿಗೆ ಎರಡು ಬೇರೆ ದಾರಿ. ಒಂದು ದಾರಿ ಖಾಲಿಯಾದರೂ ಇನ್ನೊಂದು ಕೆಲಸ ಮಾಡುತ್ತದೆ. 1966ರಲ್ಲಿ ಬಂದ ವೋಲ್ವೊ 144 ಕಾರಿನಲ್ಲಿ ಒಂದೊಂದು ದಾರಿಯೂ ಮುಂದಿನ ಎರಡು ಚಕ್ರ ಮತ್ತು ಹಿಂದಿನ ಒಂದು ಚಕ್ರವನ್ನು ಹಿಡಿಯುವಂತೆ ಮಾಡಿದರು. 1968ರಿಂದ ಅಮೆರಿಕದಲ್ಲಿ ಕಾರುಗಳಿಗೆ ಇಂಥ ಇಬ್ಭಾಗದ ಏರ್ಪಾಟು ಕಾನೂನೇ ಆಯಿತು. ಇವತ್ತು ನಮ್ಮ ಕಾರುಗಳಲ್ಲೂ ಇರುವುದು ಅದೇ. ಎಷ್ಟು ಜೀವ ಉಳಿಸಿದೆಯೋ, ಅದನ್ನು ಯೋಚಿಸಿದವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಆದರೆ ಇದೇ ಏರ್ಪಾಟು ಜನರಲ್ಲಿ ಸಸಾರವನ್ನೂ ತಂದಿದೆ. ‘ಬ್ರೇಕ್ ಹಿಡೀತಾ ಇದೆಯಲ್ಲ ಅಣ್ಣ, ಸ್ವಲ್ಪ ಆಯಿಲ್ ಹಾಕಿಕೊಡಿ ಸಾಕು’ ಎನ್ನುತ್ತಾರೆ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದುಹೋಗುವುದಿಲ್ಲ. ಡ್ರಮ್ಮಿಗೆ ಒತ್ತಿ ಹಿಡಿಯುವ ಲೈನರ್ ಸವೆದರೆ ಮಟ್ಟ ನಿಧಾನವಾಗಿ ಇಳಿಯುತ್ತದೆ, ಅದು ಸಹಜ. ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಟೈರಿನ ಒಳಬದಿ ಒದ್ದೆಯೇ? ವೀಲ್ ಸಿಲಿಂಡರ್. ಬ್ರೇಕ್ ಹಿಡಿದಾಗ ಗಾಡಿ ಒಂದೇ ಕಡೆ ಎಳೆಯುತ್ತದೆಯೇ? ಲೈನರ್ ಆಯಿಲ್ ಕುಡಿದಿರಬಹುದು, ಆ ಲೈನರನ್ನು ಒರೆಸಿ ಮತ್ತೆ ಹಾಕಬಾರದು. ಹೊರಗೆಲ್ಲೂ ಹನಿ ಇಲ್ಲ, ಆದರೂ ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆಯೇ? ಮಾಸ್ಟರ್ ಸಿಲಿಂಡರಿನ ಒಳಗೇ ಕಪ್ಪು ಸೋತಿದೆ.

ಕಪ್ಪು ಬದಲಿಸಿದ ಮೇಲೆ ಕೊಳವೆಗೆ ಸೇರಿದ ಗಾಳಿ ತೆಗೆಯುವ ಕೆಲಸ ಇಬ್ಬರದು. ಹುಡುಗ ಸೀಟಿನಲ್ಲಿ, ನಾನು ಚಕ್ರದ ಹಿಂದೆ. ನಿಪ್ಪಲಿಗೆ ಪಾರದರ್ಶಕ ಟ್ಯೂಬು, ಅದರ ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ. ‘ಒತ್ತೋ… ಹಿಡ್ಕೋ’ ಎನ್ನುತ್ತೇನೆ, ನಿಪ್ಪಲ್ ಸಡಿಲಿಸುತ್ತೇನೆ, ಗುಳ್ಳೆ ಬರುತ್ತದೆ, ಬಿಗಿ ಮಾಡುತ್ತೇನೆ, ಆಮೇಲೆಯೇ ‘ಬಿಡು’. ಬಿಗಿ ಮಾಡುವ ಮೊದಲು ಅವನು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಂತು ದ್ರವ ಸ್ವಚ್ಛವಾಗಿ ಬರುವವರೆಗೆ ಬಿಡುವಂತಿಲ್ಲ.

ಗ್ಲೈಕಾಲ್ ದ್ರವಕ್ಕೆ ಒಂದು ದೋಷ ಉಂಟು: ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಳೆಗಾಲವನ್ನು ನೆನೆದುಕೊಂಡರೆ ಇದು ಸಣ್ಣ ಮಾತಲ್ಲ. ಅದೇ ತೇವ ಸಿಲಿಂಡರಿಗೆ ತುಕ್ಕು ಹಿಡಿಸಿ, ತುಕ್ಕು ಕಪ್ಪನ್ನು ಹರಿದು, ಮುಂದಿನ ಸೋರಿಕೆಗೆ ದಾರಿ ಮಾಡುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಹಳೆಯ ಆಯಿಲ್ ಪೂರ್ತಿ ತೆಗೆಸಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಎರಡನೆಯ ದಾರಿಯನ್ನು ಕೊಟ್ಟಿರುವುದು ಗಾಡಿಯನ್ನು ಒಮ್ಮೆ ಸುರಕ್ಷಿತವಾಗಿ ನಿಲ್ಲಿಸಿಕೊಳ್ಳಲಿಕ್ಕೆ, ಘಟ್ಟ ಇಳಿಯಲಿಕ್ಕಲ್ಲ. ಒದ್ದೆ ಗೆರೆ ಕಂಡ ಗಾಡಿ ನಮ್ಮ ಗ್ಯಾರೇಜಿನಿಂದ ರಿಪೇರಿ ಆಗದೆ ಹೊರಡುವುದಿಲ್ಲ. ಮಾಲೀಕರು ಎಷ್ಟೇ ಅವಸರ ಮಾಡಲಿ, ಕೀಲಿ ನನ್ನ ಬಳಿಯೇ ಇರುತ್ತದೆ.